ಬೆರಳಲ್ಲಿ ನಂಬರ್ ಹೇಳುತ್ತಿದ್ದ ಡಾಕ್ಟರಮ್ಮ

ಡಾಕ್ಟರಮ್ಮ ಹೋದರು ಎಂಬ ಸುದ್ದಿ ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. "ಕುಂದಾಪ್ರದ್ ಮಾಳ್ಗಿ ಮೇಲಿನ್ ಡಾಕ್ಟ್ರಮ್ಮ ತೀರ್ಕಂಡ್ರಂಬ್ರ್" ಎಂದಳು ಒಬ್ಬಳು. "ಹೌದಾ? ಪಾಪ. ಒಳ್ಳೆಯವ್ರೇ. ಆದ್ರೆ ನಾವುಂದದ್ ಒಂದ್ ಕೇಸ್ ಕೆಡ್ಸಿದ್ರಂಬ್ರ್ ಅಲ್ದಾ?" ಎಂದಳು ಇನ್ನೊಬ್ಬಳು. ನಾನು ತಿರುಗಿ ನೋಡಲಿಲ್ಲ. ಆ ನಾವುಂದದ ಕೇಸು ನನ್ನ ಸ್ವಂತ ಅಕ್ಕ. ಕೆಡಿಸಿದವರು ಯಾರೆಂದು ಹೇಳಬೇಕಾದವಳು ನಾನೇ, ಅದಕ್ಕೆ ಇದನ್ನು ಬರೆಯಲು ಕೂತಿದ್ದೇನೆ.

ಹದಿನಾರು ವರ್ಷ ನಾನು ಅವರ ನರ್ಸ್ ಆಗಿದ್ದೆ. ಅದರಲ್ಲಿ ಹೆಚ್ಚಿನ ಕಾಲವನ್ನು ಅವರ ಮೇಲೆ ಅನುಮಾನಪಟ್ಟೇ ಕಳೆದೆ. ಅನುಮಾನ ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಹಾಲಿನವನು ನಕ್ಕು ಮಾತಾಡಿಸಿದರೆ ಇವತ್ತು ನೀರು ಜಾಸ್ತಿ ಬಿದ್ದಿದೆ ಎಂದು ತಿಳಿಯುವ ಪೈಕಿ ನಾನು.

1997ರಲ್ಲಿ ಅವರಲ್ಲಿ ಕೆಲಸಕ್ಕೆ ಸೇರಿದೆ. ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಾಲ್ಕು ಕೋಣೆ, ಒಂದು ಹೆರಿಗೆ ಮಂಚ, ಸಣ್ಣದೊಂದು ಆಪರೇಷನ್ ಥಿಯೇಟರ್. ಅವರಿಗೆ ನಲವತ್ತರ ಆಸುಪಾಸು. ಗಿಡ್ಡ ಆಳು, ಹತ್ತಿ ಸೀರೆ, ಕೈಯಲ್ಲಿ ಬಳೆ ಇಲ್ಲ. ಬೋಳು ಕೈ ಕಂಡಕೂಡಲೇ ನನ್ನ ಮೊದಲ ಅನುಮಾನ ಶುರುವಾಯಿತು, ಗಂಡ ಇದ್ದಾರೋ ಇಲ್ಲವೋ ಎಂದು. ಇದ್ದರು. ಬ್ಯಾಂಕಿನ ಕೆಲಸ, ಮಧ್ಯಾಹ್ನ ತಾವೇ ಬುತ್ತಿ ತಂದುಕೊಟ್ಟು ಹೋಗುತ್ತಿದ್ದರು. ಪರೀಕ್ಷೆ ಮಾಡುವಾಗ ಅಡ್ಡ ಬರುತ್ತದೆಂದು ಬಳೆ ತೆಗೆದಿಟ್ಟದ್ದಂತೆ. ಅದನ್ನು ನಂಬಲಿಕ್ಕೂ ನನಗೆ ತಿಂಗಳು ಹಿಡಿಯಿತು.

ಎರಡನೆಯ ಅನುಮಾನ ಮೀನಿನದ್ದು. ಅವರು ಮೀನು ಮುಟ್ಟದ ಜನ. ಆದರೆ ಪರೀಕ್ಷೆಯ ಮಂಚದ ಮೇಲೆ ಹೆಂಗಸೊಬ್ಬಳು ಮೈ ಬಿಗಿಹಿಡಿದು ಮಲಗಿದಳೆಂದರೆ ಇವರು ಕೈಗವಸು ಹಾಕುತ್ತಾ, "ಇವತ್ತ್ ಬಂಗ್ಡಿ ಹ್ಯಾಂಗ್ ಇತ್ತ್ ಮಾರಾಯ್ತಿ? ಭೂತಾಯಿ ಬಂದಿತ್ತಾ?" ಎಂದು ಶುರುಮಾಡುತ್ತಿದ್ದರು. ಹೆಂಗಸು ಮೀನಿನ ರೇಟು ಹೇಳುವ ಹುರುಪಿನಲ್ಲಿ ಮೈ ಸಡಿಲ ಬಿಡುತ್ತಿದ್ದಳು, ಅಷ್ಟರಲ್ಲಿ ಇವರ ಕೆಲಸ ಮುಗಿಯುತ್ತಿತ್ತು. ಇವರು ಕದ್ದು ಮೀನು ತಿನ್ನುತ್ತಾರೆಂದೇ ನಾನು ಎರಡು ವರ್ಷ ತಿಳಿದಿದ್ದೆ. ಬುತ್ತಿಯ ಮುಚ್ಚಳ ತೆಗೆದು ನೋಡಿದ್ದೂ ಉಂಟು. ಒಂದು ದಿನ ಬೆಂಡೆಕಾಯಿ ಹುಳಿ, ಇನ್ನೊಂದು ದಿನ ಬಸಳೆ.

ಹಾಗೆ ನೋಡಿದರೆ ಅನುಮಾನದಲ್ಲಿ ಅವರೇನೂ ನನಗೆ ಕಡಿಮೆಯಿರಲಿಲ್ಲ. ಹೆಂಗಸು "ಹದ್ನೈದ್ ದಿನದಿಂದ ಹೊಟ್ಟಿ ನೋವ್" ಎಂದರೆ ಇವರು ಕೇಸ್ ಶೀಟಿನಲ್ಲಿ ತಿಂಗಳು ಎಂದು ಬರೆಯುತ್ತಿದ್ದರು. ಕೇಳಿದ್ದಕ್ಕೆ, "ಹೆಂಗ್ಸ್ರ್ ನೋವನ್ನ ಅರ್ಧ ಮಾಡಿಯೇ ಹೇಳುದ್ ಸಿಸ್ಟರೇ, ನಾವ್ ಎರಡ್ ಪಾಲ್ ಮಾಡಿ ಬರ್ಕಣ್ಕ್" ಎಂದರು. ಲ್ಯಾಬಿನ ರಿಪೋರ್ಟನ್ನೂ ನಂಬುವವರಲ್ಲ. ಸ್ಕ್ಯಾನಿಂಗ್ ಬಂದ ಮೇಲೆ ಅದನ್ನೂ ಬೆಳಕಿಗೆ ಹಿಡಿದು ನೋಡಿ, ಪಕ್ಕಕ್ಕಿಟ್ಟು, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು, "ಮಲ್ಗಿಸಿ, ನಾನ್ ಕಾಂತೆ" ಎನ್ನುತ್ತಿದ್ದರು. ಪರೀಕ್ಷೆ ಮಾಡುವಾಗ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಬೇರೆ. ಕಣ್ಣು ಮುಚ್ಚಿಕೊಂಡು ಡಾಕ್ಟರಿಗೆ ಕಾಣುವುದೇನು ಎಂದು ನಾನು ಟಾರ್ಚು ಹಿಡಿದು ಯೋಚಿಸುತ್ತಿದ್ದೆ.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟೋ ಮನೆಗಳ ಗಂಡಸರು ಮುಂಬೈಯ ಹೋಟೆಲುಗಳಲ್ಲಿದ್ದಾರೆ. ವರ್ಷಕ್ಕೊಮ್ಮೆ ತಿಂಗಳ ರಜೆಯಲ್ಲಿ ಬರುತ್ತಾರೆ. ಮನೆಯ ಹೆಂಗಸಿಗೆ ಬಿಳಿಸೆರಗೋ ರಕ್ತಸ್ರಾವವೋ ಇದ್ದರೆ ಆ ರಜೆಯಲ್ಲೇ ಗರ್ಭಕೋಶ ತೆಗೆಸಿಬಿಡುವುದು. ನೋಡಿಕೊಳ್ಳಲು ಜನ ಇರುತ್ತದೆ, ಗಂಡ ವಾಪಸು ಹೋಗುವ ಮೊದಲು ಹೊಲಿಗೆ ಬಿಚ್ಚಿ ಮುಗಿದಿರುತ್ತದೆ. ಮನೆಯ ಮಾಡಿಗೆ ಹೆಂಚು ಹೊದೆಸುವ ಕೆಲಸದ ಹಾಗೆ ಇದೂ ರಜೆಯ ಪಟ್ಟಿಯಲ್ಲಿ ಸೇರಿಹೋಗಿತ್ತು.

ಡಾಕ್ಟರಮ್ಮ ಇದಕ್ಕೆ ಸುತಾರಾಂ ಒಪ್ಪುತ್ತಿರಲಿಲ್ಲ. ಗರ್ಭಕೋಶದ ಬಾಯಿಯನ್ನು ಮೊದಲು ಪರೀಕ್ಷೆ ಮಾಡಬೇಕು, ಸಂಶಯ ಕಂಡರೆ ಚೂರು ತೆಗೆದು ಲ್ಯಾಬಿಗೆ ಕಳಿಸಬೇಕು, ರಿಪೋರ್ಟು ಬಂದ ಮೇಲೆಯೇ ಮುಂದಿನ ಮಾತು. ಚೂರನ್ನು ಔಷಧಿ ನೀರಿನ ಬಾಟಲಿಯಲ್ಲಿ ಹಾಕಿ, ಬೆಳಗಿನ ಬಸ್ಸಿನ ಕಂಡಕ್ಟರ ಕೈಯಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸುವುದು ನನ್ನ ಕೆಲಸ. ರಿಪೋರ್ಟು ಬರಲು ಎಂಟೊಂಬತ್ತು ದಿನ. ಅಷ್ಟರಲ್ಲಿ ಅರ್ಧ ಜನ ಬೇರೆ ಕಡೆ ಹೋಗಿ ಆಪರೇಷನ್ ಮುಗಿಸಿಕೊಳ್ಳುತ್ತಿದ್ದರು. ಲ್ಯಾಬಿನವರಿಂದ ಇವರಿಗೆ ಏನೋ ಬರುತ್ತದೆ, ಇಲ್ಲದಿದ್ದರೆ ಕೈಗೆ ಬಂದ ಆಪರೇಷನ್ ಯಾರಾದರೂ ಬಿಡುತ್ತಾರಾ? ಇದು ನನ್ನ ಮೂರನೆಯ ಅನುಮಾನ. ಇದೇ ನನ್ನನ್ನು ಹಾಳು ಮಾಡಿದ್ದು.

ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಕಂಡಾಗ ಅದಕ್ಕೆ ನಂಬರ್ ಹಾಕುವ ಕ್ರಮವನ್ನು ಅವರೇ ನನಗೆ ಹೇಳಿಕೊಟ್ಟರು, ಒಂದು ದಿನ ಹೆರಿಗೆ ತಡವಾಗಿ ಇಬ್ಬರೂ ಕಾಯುತ್ತಾ ಕೂತಿದ್ದಾಗ. "ಒಂದ್ ಅಂದ್ರೆ ಅದ್ ಹುಟ್ಟಿದ್ ಕೋಣಿಯೊಳ್ಗೇ ಇತ್ತ್. ಎರಡ್ ಅಂದ್ರೆ ಅಂಗ್ಳಕ್ ಇಳಿತ್, ಪಾಗಾರ ಮುಟ್ಲಿಲ್ಲ. ಮೂರ್ ಅಂದ್ರೆ ಪಾಗಾರಕ್ ತಾಗಿತ್. ನಾಲ್ಕ್ ಅಂದ್ರೆ ಪಾಗಾರ ಹಾರಿ ಆಚಿ ಮನಿಗ್ ಹೋಯ್ತ್." ಪಾಗಾರ ಎಂದರೆ ಸೊಂಟದ ಮೂಳೆಯ ಗೋಡೆ, ಆಚೆ ಮನೆ ಎಂದರೆ ಮೂತ್ರಕೋಶ, ಕರುಳು, ಇನ್ನೂ ದೂರದ ಜಾಗಗಳು. ಕೋಣೆಯೊಳಗೇ ಇದ್ದರೆ ಆಪರೇಷನ್ನು, ಅದೂ ದೊಡ್ಡ ಆಸ್ಪತ್ರೆಯಲ್ಲಿ ಮಾಡುವ ಬೇರೆಯೇ ಆಪರೇಷನ್ನು. ಅಂಗಳಕ್ಕೆ ಇಳಿಯಿತೆಂದರೆ ಹೆಚ್ಚಾಗಿ ಕರೆಂಟು, ಎಂದರೆ ರೇಡಿಯೇಷನ್. ಆಗ ಗರ್ಭಕೋಶ ತೆಗೆಯಬಾರದು, ಅದು ಅಲ್ಲೇ ಬೇಕು.

"ಅಂಗ್ಳಕ್ ಇಳಿದದ್ ಗೊತ್ತಾಪುದ್ ಹ್ಯಾಂಗೆ?" ಎಂದು ಕೇಳಿದೆ.

ಅವರು ತೋರುಬೆರಳು ಎತ್ತಿ ತೋರಿಸಿದರು. ಮುಂದಿನಿಂದಲೂ ಹಿಂದಿನಿಂದಲೂ ಬೆರಳಿಟ್ಟು ನೋಡಿದರೆ ಅಕ್ಕಪಕ್ಕ ಮೆದುವಾಗಿದೆಯೋ ಗಟ್ಟಿಯಾಗಿದೆಯೋ ತಿಳಿಯುತ್ತದಂತೆ. ಒಬ್ಬರೇ ನೋಡಿದರೆ ಸಾಲದು, ಇನ್ನೊಬ್ಬರೂ ನೋಡಬೇಕು. ಸಂಶಯ ಉಳಿದರೆ ಚಿಕ್ಕ ನಂಬರನ್ನೇ ಬರೆಯಬೇಕು. ಒಮ್ಮೆ ಬರೆದರೆ ಮುಗಿಯಿತು, ಕಾಯಿಲೆ ಆಮೇಲೆ ಎಲ್ಲಿಗೇ ಹೋಗಲಿ, ಕಾಗದದ ನಂಬರ್ ಬದಲಾಗುವುದಿಲ್ಲ.

ನನಗೆ ನಗು ಬಂತು. ಕಂಪ್ಯೂಟರ್ ಬಂದ ಕಾಲದಲ್ಲಿ ಬೆರಳಲ್ಲಿ ನಂಬರ್ ಹೇಳುವುದಂತೆ! ಬದಲಾಯಿಸಬಾರದೆಂಬ ಕಾನೂನು ಡಾಕ್ಟರುಗಳು ತಮ್ಮ ತಪ್ಪು ಮುಚ್ಚಲು ಮಾಡಿಕೊಂಡದ್ದಿರಬೇಕು ಎನಿಸಿತು. ಅದನ್ನು ಹೇಳಿಯೂ ಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. "ಎಲ್ಲಿಂದ ಶುರು ಮಾಡಿದ್ ಅಂದ್ಹೇಳಿ ಗೊತ್ತಿರ್ಕಲ ಸಿಸ್ಟರೇ. ಅದನ್ನೇ ತಿದ್ದಿದ್ರೆ ಮತ್ತೆ ಯಾವ್ ಔಷಧಿ ಹಿಡ್ದಿತ್, ಯಾವ್ದ್ ಹಿಡೀಲಿಲ್ಲ ಹೇಳುದ್ ಹ್ಯಾಂಗೆ?" ಎಂದರು. ಉತ್ತರ ಸರಿಯಾಗಿಯೇ ಇತ್ತು. ಆದರೂ ನನಗೆ ಸಮಾಧಾನವಾಗಲಿಲ್ಲ.

ನಾನು ಸೇರಿ ಆರು ವರ್ಷವಾದ ಮೇಲೆ ಅಕ್ಕನ ವಿಷಯ ಬಂತು. ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು ಅಕ್ಕ. ನಾವುಂದದಿಂದ ಬೈಂದೂರಿನವರೆಗೆ ಮೀನಿನ ಬುಟ್ಟಿ ಹೊತ್ತು ನನ್ನನ್ನು ನರ್ಸಿಂಗ್ ಓದಿಸಿದಳು. ಅವಳಿಗೆ ಆಗ ಐವತ್ತೆರಡು. ಒಂದು ಭಾನುವಾರ ನಾವಿಬ್ಬರೂ ಕೊಲ್ಲೂರಿಗೆ ಹೋಗುವುದೆಂದು ಮಾತಾಗಿತ್ತು. ನಾನು ಹೋದರೆ ಅವಳು ಜಗಲಿಯಲ್ಲಿ ಬೇರೆ ಚಾಪೆ ಹಾಕಿಕೊಂಡು ಕೂತಿದ್ದಳು.

"ನಾನ್ ಬಪ್ಪುಕಾಗ ಹೆಣೆ. ಹೊರ್ಗಾಯಿದೆ" ಎಂದಳು. ಮುಖದಲ್ಲಿ ನಾಚಿಕೆ, ಜೊತೆಗೆ ಒಂದು ತರಹದ ಜಂಬ.

"ನಿಂದ್ ನಿಂತ್ ಮೂರ್ ವರ್ಷ ಆಯ್ತಲೆ!"

"ಹೌದ್. ಮತ್ತೆ ಶುರುವಾಯ್ತ್. ನಾಲ್ಕ್ ತಿಂಗ್ಳಾಯ್ತ್. ಪ್ರಾಯ ವಾಪಸ್ ಬಂತ್ ಅಂದ್ಹೇಳಿ ಮಾರ್ಕೆಟಲ್ಲ್ ಎಲ್ಲ ನೆಗಿಯಾಡ್ತ್ರ್" ಎಂದಳು.

ನಾಲ್ಕು ತಿಂಗಳು ಅವಳು ಅದನ್ನು ಮುಟ್ಟು ಎಂದೇ ತಿಳಿದು ಮೂರು ಮೂರು ದಿನ ಹೊರಗೆ ಕೂತಿದ್ದಳು, ದೇವರ ದೀಪ ಮುಟ್ಟಿರಲಿಲ್ಲ. ನಿಂತ ಮೇಲೆ ಬರುವ ರಕ್ತ ಏನೆಂದು ನನಗೆ ಗೊತ್ತಿತ್ತು. ಮರುದಿನವೇ ಮಾಳಿಗೆಗೆ ಕರೆದುಕೊಂಡು ಬಂದೆ.

ಆವತ್ತು ಡಾಕ್ಟರಮ್ಮ ಮೀನಿನ ಸುದ್ದಿ ಎತ್ತಲಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು, ಬಲಗಡೆಗೆ ಬೆರಳು ಮತ್ತೆ ಮತ್ತೆ ಹೋಯಿತು. ಚೂರು ತೆಗೆದು ಬಾಟಲಿಗೆ ಹಾಕಿದರು. ಕೂತು ಕೇಸ್ ಶೀಟಿನಲ್ಲಿ ಒಂದು ಚಿತ್ರ ಬರೆದರು, ಏನೋ ಗೀಚಿದರು, ನನ್ನನ್ನು ಕಂಡು ಶೀಟನ್ನು ಮಗುಚಿ ಇಟ್ಟರು. "ರಿಪೋರ್ಟ್ ಬರ್ಲಿ. ಬಪ್ಪ ವಾರ ದೊಡ್ಡಾಸ್ಪತ್ರೆಯಿಂದ ಇನ್ನೊಬ್ರ್ ಡಾಕ್ಟ್ರ್ ಬತ್ರ್, ಅವ್ರೂ ಒಂದ್ಸಲ ಕಾಣ್ಲಿ. ಅಲ್ಲಿವರೆಗೆ ಯಾರೂ ಮುಟ್ಟುಕಾಗ" ಎಂದರು.

ಅವರು ಊಟಕ್ಕೆ ಹೋದಾಗ ಶೀಟು ತಿರುಗಿಸಿ ನೋಡಿದೆ. ಒಂದು ವೃತ್ತ, ಅದರ ಬಲಕ್ಕೆ ಪೆನ್ಸಿಲಿನಲ್ಲಿ ತೆಳುವಾಗಿ ಉಜ್ಜಿದ ಗೀಟುಗಳು, ಅದರ ಮೇಲೆ ಪ್ರಶ್ನೆ ಚಿಹ್ನೆ. ಕೆಳಗೆ ಒಂದು ಎಂದು ಬರೆದಿತ್ತು. ಹದಿನೈದು ನಿಮಿಷ ನೋಡಿಯೂ ಇವರಿಗೆ ಗೊತ್ತಾಗಲಿಲ್ಲ ಎಂದುಕೊಂಡೆ. ನನ್ನ ಅಕ್ಕನ ಮೇಲೆ ಪ್ರಶ್ನೆ ಚಿಹ್ನೆ ಹಾಕಿ ಊಟಕ್ಕೆ ಹೋಗಿದ್ದಾರೆ ಎಂದು ಸಿಟ್ಟಿನಿಂದ ಶೀಟನ್ನು ಮತ್ತೆ ಮಗುಚಿ ಇಟ್ಟೆ.

ಭಾವ ಆಗ ಮುಂಬೈಯಿಂದ ರಜೆಯಲ್ಲಿ ಬಂದಿದ್ದರು, ಉಳಿದದ್ದು ಹದಿನೆಂಟು ದಿನ. "ಕಾದ್ ಕೂಕಣುದ್ ಎಂತಕ್ಕೆ? ತೆಗ್ಸಿ ಬಿಡುವ" ಎಂದರು. ಬ್ರಹ್ಮಾವರದ ಕಡೆ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನ ಜೊತೆ ಓದಿದವಳಿದ್ದಳು. ಗುರುವಾರಕ್ಕೆ ಜಾಗ ಮಾಡಿಕೊಟ್ಟಳು. ಚೂರು ತೆಗೆದು ಕಳಿಸಿದ ವಿಷಯವನ್ನು ನಾನು ಅಲ್ಲಿ ಬಾಯಿಬಿಡಲಿಲ್ಲ. ಹೇಳಿದ್ದರೆ ಅವರೂ ರಿಪೋರ್ಟು ಬರಲಿ ಎನ್ನುತ್ತಿದ್ದರು. ಬರೀ ಸ್ರಾವ, ಎಲ್ಲ ಪರೀಕ್ಷೆ ಆಗಿದೆ ಎಂದೆ. ನರ್ಸ್ ಹೇಳಿದ ಮಾತು, ನಂಬಿದರು.

ಅಕ್ಕ ಮಾತ್ರ ಸುಲಭಕ್ಕೆ ಹೊರಡಲಿಲ್ಲ. "ಡಾಕ್ಟ್ರಮ್ಮ ಎಂತ ಹೇಳಿರ್? ಅವ್ರ್ ಹೇಳದೆ ನಾನ್ ಹೋತಿಲ್ಲೆ" ಎಂದು ಕೂತಳು. ಅವಳಿಗೆ ಅವರ ಮೇಲೆ ಅಷ್ಟು ನಂಬಿಕೆ. ನಾನು ಅಕ್ಕನ ಮುಖ ನೋಡದೆ ಹೇಳಿದೆ: "ಅವ್ರೇ ಅಲ್ಲಿಗ್ ಕಳ್ಸಿದ್."

ಒಂಬತ್ತನೆಯ ದಿನ ರಿಪೋರ್ಟು ಬಂತು. ಡಾಕ್ಟರಮ್ಮ ಓದಿ, "ಅಕ್ಕನ್ನ ಕರ್ಕಂಡ್ ಬನ್ನಿ" ಎಂದರು. ಗರ್ಭಕೋಶ ತೆಗೆಸಿ ಐದು ದಿನವಾಯಿತೆಂದು ನಾನು ಹೇಳಿದೆ. ಅಕ್ಕನಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಅವರು ಬೈಯಲಿಲ್ಲ. ಎದ್ದು ಹೋಗಿ ಕೈ ತೊಳೆದರು. ಆಗ ಯಾರನ್ನೂ ಮುಟ್ಟಿರಲಿಲ್ಲ, ಆದರೂ ಮೊಣಕೈವರೆಗೆ ತೊಳೆದರು. ಬಂದು ಕೂತು ದೊಡ್ಡ ಆಸ್ಪತ್ರೆಗೆ ಕಾಗದ ಬರೆದು, ಚಿತ್ರವಿದ್ದ ಶೀಟನ್ನು ಅದಕ್ಕೆ ಪಿನ್ನು ಮಾಡಿ ಕೊಟ್ಟರು.

ದೊಡ್ಡ ಆಸ್ಪತ್ರೆಯ ಡಾಕ್ಟರು ಅಕ್ಕನನ್ನು ಪರೀಕ್ಷೆ ಮಾಡಿ ತಲೆ ಕೊಡವಿದರು. "ಗರ್ಭಕೋಶ ಯಾಕೆ ತೆಗೆಸಿದಿರಿ? ಈಗ ಸ್ಟೇಜ್ ಎಷ್ಟು ಅಂತ ಯಾರು ಹೇಳಬೇಕು? ಕರೆಂಟನ್ನು ಒಳಗಿನಿಂದಲೂ ಕೊಡಬೇಕಾಗುತ್ತದೆ, ಅದನ್ನು ಹಿಡಿದು ನಿಲ್ಲಿಸಲಿಕ್ಕೆ ಗರ್ಭಕೋಶವೇ ಬೇಕಿತ್ತು. ಇನ್ನು ಆದಷ್ಟು ಮಾಡುವುದು" ಎಂದರು. ಆಮೇಲೆ ಪೆನ್ಸಿಲಿನ ಚಿತ್ರ ನೋಡಿ ಪ್ರಶ್ನೆ ಚಿಹ್ನೆಯ ಮೇಲೆ ಬೆರಳಿಟ್ಟರು. "ಇವರೊಬ್ಬರು ಸರಿಯಾಗಿ ನೋಡಿದ್ದಾರೆ. ಬಲಗಡೆ ಸಂಶಯ ಅಂತ ಗುರುತು ಮಾಡಿದ್ದಾರೆ. ನಮಗೆ ಈಗ ಇರುವ ಆಧಾರ ಇದೊಂದೇ."

ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತು, "ಅಷ್ಟ್ ಸರಿ ಕಂಡವ್ರ್ ಮತ್ತೆ ನನ್ನ ತೆಗ್ಸುಕ್ ಕಳ್ಸಿದ್ ಎಂತಕ್ಕೆ?" ಎಂದು ಕೇಳಿದಳು. ನಾನು ಬಸ್ಸು ಬಂತೆಂದು ಅವಳ ಕೈ ಹಿಡಿದು ಎಬ್ಬಿಸಿದೆ.

ವಾರಗಟ್ಟಲೆ ಕರೆಂಟು ಕೊಟ್ಟರು. ಒಂದೂವರೆ ವರ್ಷ ಚೆನ್ನಾಗಿದ್ದಳು. ಆಮೇಲೆ ಅದು ಹೊಟ್ಟೆಯೊಳಗೆ ಎದ್ದಿತು. ಭಾವ ಮುಂಬೈಯಲ್ಲಿ, ಮಗಳನ್ನು ಉಪ್ಪುಂದಕ್ಕೆ ಕೊಟ್ಟಾಗಿತ್ತು. ಅಕ್ಕನನ್ನು ನನ್ನ ಬಿಡಾರಕ್ಕೆ ಕರೆತಂದೆ. ನೋವಿನ ಔಷಧಿಗೆಂದು ಅವಳನ್ನು ಮಾಳಿಗೆಗೆ ಹತ್ತಿಸಿಕೊಂಡು ಹೋದ ಒಂದು ದಿನ, ಅವಳು ಡಾಕ್ಟರಮ್ಮನ ಎದುರಿಗೇ ಕೂಗಿದಳು: "ನೀವ್ ಕಳ್ಸದಿದ್ರೆ ನಾನ್ ಹೋತಿರ್ಲಿಲ್ಲೆ! ನಿಮ್ಮನ್ನ ದೇವ್ರಂದ್ಹೇಳಿ ನಂಬಿದ್ದೆ. ನಿಮ್ಗೆ ಒಳ್ಳೇದಾತಿಲ್ಲೆ!"

ಹೊರಗಿನ ಬೆಂಚಿನ ಹೆಂಗಸರಿಗೆಲ್ಲ ಕೇಳಿಸಿತು. ನಾನು ಟ್ರೇ ಹಿಡಿದು ನಿಂತಿದ್ದೆ. ಡಾಕ್ಟರಮ್ಮ ಒಮ್ಮೆ ನನ್ನ ಕಡೆ ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಅಕ್ಕನ ಕಡೆ ತಿರುಗಿ, "ತಪ್ಪಾಯ್ತಮ್ಮ" ಎಂದರು.

ಎರಡು ತಿಂಗಳಿಗೆ ಅಕ್ಕ ಹೋದಳು. ನಾವುಂದ, ಮರವಂತೆ ಕಡೆಯ ಹೆಂಗಸರು ಮಾಳಿಗೆ ಹತ್ತುವುದನ್ನು ಬಿಟ್ಟರು. ನಾನು ನಾಚಿಕೆಯಿಂದ ಸಾಯಬೇಕಿತ್ತು. ಆದರೆ ನನ್ನ ಹಾಳು ಬುದ್ಧಿ ಆಗಲೂ ಅನುಮಾನವನ್ನೇ ಹಿಡಿದುಕೊಂಡಿತು. ಇವರು ಮಾಡದ ತಪ್ಪನ್ನು ಒಪ್ಪಿಕೊಂಡದ್ದು ಯಾಕೆ? ಮುಂದೊಂದು ದಿನ ಇದನ್ನೇ ಹಿಡಿದು ನನ್ನನ್ನು ಕುಣಿಸಲಿಕ್ಕಾ? ಸಂಬಳ ಹೆಚ್ಚಿಸಿದರೂ ಸಂಶಯ, ರಜೆ ಕೊಟ್ಟರೂ ಸಂಶಯ. ಐದು ವರ್ಷ ಕಾದೆ. ಅವರು ಆ ಮಾತನ್ನೇ ಎತ್ತಲಿಲ್ಲ. ಅದು ಬೈದದ್ದಕ್ಕಿಂತ ಹೆಚ್ಚು ಹಿಂಸೆಯಾಯಿತು.

ಅಷ್ಟು ಹೊತ್ತಿಗೆ ಅಕ್ಕನ ಮಗಳಿಗೆ ಮೂವತ್ತಾರು. ಅವಳ ಗಂಡನೂ ಮುಂಬೈ ಹೋಟೆಲಿನಲ್ಲಿ. ಅವನು ರಜೆಯಲ್ಲಿ ಬಂದಿದ್ದಾನೆಂದು ಉಪ್ಪುಂದಕ್ಕೆ ಹೋದರೆ ಹುಡುಗಿ ಹಿತ್ತಿಲ ಕಡೆ ಮೀನು ಕೊಯ್ಯುತ್ತಿದ್ದಳು. ತಿಂಗಳ ನಡುನಡುವೆ ರಕ್ತ ಹೋಗುತ್ತದೆ, ಮುಂದಿನ ವಾರ ಗರ್ಭಕೋಶ ತೆಗೆಸುವುದೆಂದು ಗೊತ್ತು ಮಾಡಿದ್ದೇವೆ ಎಂದಳು.

"ಮೊದ್ಲ್ ಡಾಕ್ಟ್ರಮ್ಮನ ಹತ್ರ ಒಂದ್ಸಲ ತೋರ್ಸ್ ಮಗಾ" ಎಂದೆ.

"ಅವ್ರ್ ಹತ್ರವಾ? ನನ್ನ ಅಮ್ಮನ್ನ ಕೊಂದವ್ರ್ ಹತ್ರ ನಾನ್ ಸತ್ರೂ ಹೋತಿಲ್ಲೆ ಚಿಕ್ಕಿ."

ಬೇರೆ ಡಾಕ್ಟರ ಹೆಸರು ಹೇಳಿ ಜಾರಿಕೊಳ್ಳಬಹುದಿತ್ತು. ಹೇಳಲು ಬಾಯಿ ತೆರೆದೂ ಇದ್ದೆ. ಆದರೆ ಅವಳಿಗೆ ಎಲ್ಲ ಡಾಕ್ಟರುಗಳ ಪರೀಕ್ಷೆಯ ಮೇಲೂ ಅನುಮಾನ ಹುಟ್ಟಿಸಿದ್ದು ನನ್ನ ಸುಳ್ಳು. ಅದನ್ನು ತೆಗೆಯದೆ ಅವಳು ಯಾರ ಮಂಚವನ್ನೂ ಹತ್ತುವವಳಲ್ಲ, ನೇರ ಆಪರೇಷನ್ನಿಗೇ ಹೋಗುವವಳು. "ಅವ್ರ್ ಕೊಲ್ಲಲಿಲ್ಲ. ಅವ್ರ್ ಬೇಡ ಅಂದಿದ್ರ್. ಅವ್ರ್ ಕಳ್ಸಿದ್ ಅಂದ್ಹೇಳಿ ನಿನ್ ಅಮ್ಮಂಗ್ ಸುಳ್ಳ್ ಹೇಳಿ ಕರ್ಕಂಡ್ ಹೋದದ್ ನಾನ್" ಎಂದೆ.

ಅವಳ ಕತ್ತಿ ನಿಂತಿತು. "ಅಮ್ಮಂಗ್ ಗೊತ್ತಿತ್ತಾ?"

"ಇಲ್ಲೆ."

"ಡಾಕ್ಟ್ರಿಗೆ?"

"ಗೊತ್ತಿತ್ತ್."

ಅವಳು ಕೈ ತೊಳೆದು ಎದ್ದಳು. "ನೀವ್ ಹೋಯ್ನಿ" ಎಂದಳು. ಹುಟ್ಟಿದಂದಿನಿಂದ ನನ್ನನ್ನು ನೀನು ಎನ್ನುತ್ತಿದ್ದ ಮಗು.

ನಾಲ್ಕನೆಯ ದಿನ ಮಾಳಿಗೆಯ ಬೆಂಚಿನ ಮೇಲೆ ಕೂತಿದ್ದಳು. ಮಂಚ ಹತ್ತುವ ಮೊದಲು, "ಇವ್ರ್ ಹೊರ್ಗ್ ಹೋಯ್ಲಿ" ಎಂದಳು. ಡಾಕ್ಟರಮ್ಮ ನನ್ನ ಕೈಯಿಂದ ಟಾರ್ಚು ತೆಗೆದುಕೊಂಡರು. ನಾನು ಹೊರಗೆ ನಿಂತೆ. ಅವಳ ಬಾಟಲಿಯನ್ನು ಬೆಳಗಿನ ಬಸ್ಸಿಗೆ ಕೊಟ್ಟವಳು ನಾನೇ, ರಿಪೋರ್ಟು ಬರುವವರೆಗಿನ ಎಂಟು ದಿನವೂ ಬಸ್ಸಿನ ಹತ್ತಿರ ಹೋಗಿ ಕಂಡಕ್ಟರನ್ನು ಕೇಳಿದವಳೂ ನಾನೇ. ಕ್ಯಾನ್ಸರ್ ಆಗಿರಲಿಲ್ಲ. ಆಗುವ ದಾರಿಯಲ್ಲಿತ್ತು, ನಂಬರ್ ಹಾಕುವಷ್ಟು ಬೆಳೆದಿರಲಿಲ್ಲ. ಗರ್ಭಕೋಶದ ಬಾಯಿಯ ಆ ಒಂದು ಪದರವನ್ನಷ್ಟೇ ದೊಡ್ಡ ಆಸ್ಪತ್ರೆಯಲ್ಲಿ ತೆಗೆದರು.

ಕೊನೆಯ ತಪಾಸಣೆ ಮುಗಿಸಿ ಅವಳು ಡಾಕ್ಟರಮ್ಮನ ಕಾಲು ಮುಟ್ಟಿದಳು. ಹೊರಗೆ ಬಂದು ಚಪ್ಪಲಿ ಹಾಕಿಕೊಂಡು, ಬಾಗಿಲಲ್ಲಿದ್ದ ನನ್ನನ್ನು ದಾಟಿ ಮೆಟ್ಟಿಲಿಳಿದು ಹೋದಳು. ಅಂದಿನಿಂದ ಇಂದಿನವರೆಗೆ ಅವಳು ನನ್ನೊಡನೆ ಮಾತಾಡಿಲ್ಲ. ಆದರೆ ವರ್ಷ ವರ್ಷ ತಪಾಸಣೆಗೆ ಹೋಗುತ್ತಾಳಂತೆ.

ನಾನು ಒಳಗೆ ಹೋದೆ. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಿದ್ದರು.

"ಮೇಡಂ, ಆವತ್ತ್ ಅಕ್ಕ ಬೈವಾಗ ನೀವ್ ತಪ್ಪಾಯ್ತ್ ಅಂದ್ರಿ. ಎಂತಕ್ಕೆ?"

ಅವರು ಟವೆಲು ಮಡಚಿಟ್ಟರು. "ಆಗ ಅವ್ಳಿಗ್ ಸ್ನಾನ ಮಾಡ್ಸುಕೆ, ಗಂಜಿ ಕುಡ್ಸುಕೆ ಯಾರ್ ಇದ್ದಿದ್ರ್ ಸಿಸ್ಟರೇ?"

"ನಾನೊಬ್ಳೇ."

"ಹ್ಞಾ" ಎಂದರು. "ಮುಂದಿನವ್ರನ್ನ ಕಳ್ಸಿ."

ಹೊರಗೆ ಬಂದು ಚೀಟಿ ನೋಡಿ ಹೆಸರು ಕರೆದೆ. ಬೆಂಚಿನ ತುದಿಯಲ್ಲಿದ್ದ ಮುದುಕಿಯೊಬ್ಬಳು ಎದ್ದು ಬಂದು ನನ್ನ ಮುಖ ನೋಡಿ, "ಎಂತ ಸಿಸ್ಟರೇ, ನಿಮ್ಮನ್ನ ಬೈದ್ರಾ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ.